ಮೇಲ್ಮನೆಯ ಮೊದಲ ತಿದ್ದುಪಡಿ

ದೇಶಕ್ಕೆ ಎರಡನೆಯ ಸದನ ಬೇಕೋ ಬೇಡವೋ ಎಂದು ಸಂವಿಧಾನ ಸಭೆಯಲ್ಲಿ ಹನ್ನೊಂದು ದಿನ ಜಗಳ ನಡೆಯಿತು. "ಒಂದು ಮನೆ ಸಂಭಾಳಿಸೋದೇ ಸಾಕಾಗಿದೆ, ಇನ್ನೊಂದು ಯಾಕ್ರೀ?" ಎಂದು ಕೆಲವರು ಕೂಗಾಡಿದರು. "ಅವಸರದಲ್ಲಿ ಮಾಡಿದ ಕಾನೂನನ್ನ ಇನ್ನೊಂದು ಸಲ ಓದೋರು ಬೇಡವಾ?" ಎಂದು ಉಳಿದವರು. ಕೊನೆಗೆ ನಾಲ್ಕೇ ಮತಗಳ ಅಂತರದಲ್ಲಿ ಮೇಲ್ಮನೆ ಹುಟ್ಟಿತು. ಈ ಗದ್ದಲವನ್ನೆಲ್ಲ ಶೀಘ್ರಲಿಪಿಯಲ್ಲಿ ಬರೆದುಕೊಂಡ ಸಭೆಯ ವರದಿಗಾರ್ತಿ ಬೆರಳು ಊದಿಸಿಕೊಂಡು ಮನೆಗೆ ಬಂದಳು. ಅವಳ ಅತ್ತೆ ಬಿಸಿನೀರಿನ ಬೋಗುಣಿ ಮುಂದಿಟ್ಟು, "ಕೈ ಅದ್ದಮ್ಮ. ಹೆತ್ತೋರು ಅವರು, ನೋವು ಮಾತ್ರ ನಿಂಗೆ," ಎಂದು ನಕ್ಕರು.

ಅತ್ತೆ ಸೂಲಗಿತ್ತಿ. ಊರಿನ ಅರ್ಧ ಜನ ಮೊದಲ ಸಲ ಅತ್ತದ್ದು ಅವರ ಕೈಯಲ್ಲೇ. ಹೊಸ ಸದನಕ್ಕೆ ಪ್ರಾಂತಗಳು ಆರಿಸಿ ಕಳಿಸುವವರ ಜೊತೆಗೆ, ಬೇರೆ ಬೇರೆ ಕಸುಬು ಬಲ್ಲ ಹತ್ತು ಮಂದಿಯನ್ನು ಸರ್ಕಾರವೇ ನೇಮಿಸಬೇಕಿತ್ತು. ಆ ಪಟ್ಟಿಯಲ್ಲಿ ಅತ್ತೆಯೂ ಇದ್ದರು. ಸೊಸೆ ನೇಮಕದ ಕಾಗದ ಓದಿ ಹೇಳಿದಾಗ ಅವರು ನಂಬಲಿಲ್ಲ.

"ವಿಳಾಸ ತಪ್ಪಿರಬೇಕು. ವಾಪಸ್ ಕಳಿಸು."

"ವಿಳಾಸ ಸರಿಯಾಗೇ ಇದೆ ಅತ್ತೆ. ನೀವು ಹೊರಡೋದೇ ಬಾಕಿ."

ಮೇಲ್ಮನೆಗೆ ಬೇರೆ ಕಟ್ಟಡ ಇರಲಿಲ್ಲ. ಸಂಸತ್ತಿನ ನೆಲಮಹಡಿಯಲ್ಲಿ ನಕ್ಷೆಗಳನ್ನು ಇಡುತ್ತಿದ್ದ ಕೋಣೆಯನ್ನು ತೆರವು ಮಾಡಿ ಬೆಂಚು ಹಾಕಿದರು. ಕೆಳಮನೆ ಮಹಡಿಯ ಮೇಲೆ, ಮೇಲ್ಮನೆ ಅದರ ಕೆಳಗೆ! ಪತ್ರಿಕೆಯವರಿಗೆ ಇನ್ನೇನು ಬೇಕು? 'ಅಜ್ಜ ಅಜ್ಜಿಯರ ಮನೆ' ಎಂದು ಗೇಲಿ ಮಾಡಿದರು. ಗೇಲಿಗೆ ತಕ್ಕಂತೆ ಸದಸ್ಯರೂ ಎರಡು ತಿಂಗಳು, ಮೇಲಿನಿಂದ ಬಂದ ಮಸೂದೆಗೆಲ್ಲ ಹೂಂಗುಟ್ಟಿ ಕಳಿಸಿದರು. ಅತ್ತೆ ತುಟಿಪಿಟಕ್ಕೆನ್ನದೆ ಕೂತಿದ್ದರು.

ಆಮೇಲೆ ಜನನ ನೋಂದಣಿ ಮಸೂದೆ ಬಂತು. ಮಗು ಹುಟ್ಟಿದ ಮೂರು ದಿನದೊಳಗೆ ತಾಯಿಯೇ ಕಚೇರಿಗೆ ಬಂದು ಬರೆಸಬೇಕು ಎಂದಿತ್ತು. ಅತ್ತೆ ಎದ್ದು ನಿಂತರು.

"ಇದನ್ನ ಬರೆದೋರು ಯಾರು?"

"ತಜ್ಞರ ಸಮಿತಿ," ಎಂದರು ಮಂತ್ರಿಗಳು.

"ಅದರಲ್ಲಿ ಹೆತ್ತೋರು ಎಷ್ಟು ಜನ?"

ಸದನ ಗೊಳ್ಳೆಂದಿತು. ಅತ್ತೆ ನಗಲಿಲ್ಲ. "ಮೂರನೇ ದಿನ ಬಾಣಂತಿ ಎದ್ದು ನಿಂತರೆ ಕಣ್ಣು ಕತ್ತಲೆ ಬರುತ್ತೆ ಸ್ವಾಮಿ. ಅವಳನ್ನ ಸಾಲಲ್ಲಿ ನಿಲ್ಲಿಸ್ತೀರಾ? ಅವಳು ಬರಲ್ಲ. ಮಗು ಹುಟ್ಟೇ ಇಲ್ಲ ಅನ್ನುತ್ತೆ ನಿಮ್ಮ ಪುಸ್ತಕ. ಮೂವತ್ತು ದಿನ ಕೊಡಿ. ಗಂಡ ಬರಲಿ, ಅತ್ತೆ ಬರಲಿ, ಹೆರಿಗೆ ಮಾಡಿಸಿದೋಳು ಬರಲಿ."

ಸದನದ ನಡುವಿನ ಮೇಜಿನ ಬಳಿ ಬರೆದುಕೊಳ್ಳುತ್ತಿದ್ದ ಸೊಸೆಯ ಪೆನ್ಸಿಲ್ ಒಂದು ಕ್ಷಣ ನಿಂತಿತು. ಆರು ವರ್ಷದ ನೌಕರಿಯಲ್ಲಿ ಹಾಗಾದದ್ದು ಅದೇ ಮೊದಲು.

ಸದನ ತಿದ್ದುಪಡಿಯನ್ನು ಒಪ್ಪಿತು. ವರದಿ ವಿಭಾಗದ ಹಿರಿಯರು ಸೊಸೆಯನ್ನು ಕರೆದು, "ಈ ಭಾಷಣ ಆಡುಮಾತಲ್ಲಿದೆ, ಸ್ವಲ್ಪ ಗಂಭೀರವಾಗಿ ತಿದ್ದಿಕೊಡಿ," ಎಂದರು.

"ಕೇಳಿಸಿಕೊಂಡಿದ್ದನ್ನ ಬರೆಯೋದಷ್ಟೇ ನನ್ನ ಕೆಲಸ ಸಾರ್," ಎಂದು ಅವಳು ಒಂದಕ್ಷರವನ್ನೂ ಬದಲಿಸಲಿಲ್ಲ.

ಮಹಡಿಯ ಮೇಲಿನವರು ಮೊದಲು ಕೆಂಡವಾದರು. "ಜನ ಆರಿಸಿದ್ದು ನಮ್ಮನ್ನ! ನಮಗೇ ಬುದ್ಧಿ ಹೇಳ್ತಾರಾ?" ಆದರೆ ಅಚ್ಚಾದ ವರದಿ ಅವರವರ ಮನೆಗಳಿಗೂ ಹೋಗಿತ್ತು, ಅಲ್ಲಿ ಹೆಂಡತಿಯರೂ ತಾಯಂದಿರೂ ಓದಿದ್ದರು. ನಾಲ್ಕನೆಯ ದಿನ ಕೆಳಮನೆ ಮೂವತ್ತು ದಿನಕ್ಕೆ ಒಪ್ಪಿತು. ಮಂತ್ರಿಗಳೇ ಮೆಟ್ಟಿಲಿಳಿದು ಬಂದು ಹೇಳಿದರು: "ನನ್ನ ಹೆಂಡತಿ ನಿಮಗೆ ನಮಸ್ಕಾರ ತಿಳಿಸಿದ್ದಾಳೆ ತಾಯಿ."

ಆ ವರ್ಷವೇ ಮೇಲ್ಮನೆ ತನಗೊಂದು ನಿಯಮ ಮಾಡಿಕೊಂಡಿತು: ಬಂದ ದಿನವೇ ಯಾವ ಮಸೂದೆಗೂ ಮತ ಹಾಕಬಾರದು, ಒಂದು ವಾರ ಓದಬೇಕು. ಅತ್ತೆಗೆ ಸಣ್ಣ ಅಚ್ಚು ಕಾಣುತ್ತಿರಲಿಲ್ಲ. ಬೆಳಗ್ಗೆ ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ಸೊಸೆ ಗಟ್ಟಿಯಾಗಿ ಓದುವಳು, ಅತ್ತೆ ಕಣ್ಣು ಮುಚ್ಚಿ ಕೇಳುವರು.

"ಅಲ್ಲಿ ನಿಲ್ಲು. 'ಅಗತ್ಯವಿದ್ದಲ್ಲಿ' ಅಂದ್ಯಲ್ಲ, ಯಾರ ಅಗತ್ಯ?"

"ಅದು ಇದರಲ್ಲಿ ಇಲ್ಲ ಅತ್ತೆ."

"ಹಂಗಾದ್ರೆ ಇವತ್ತು ಕೇಳ್ತೀನಿ. ನಿನ್ನ ಪೆನ್ಸಿಲ್ ಚೂಪು ಮಾಡಿಟ್ಕೋ."