ನೇಸಮ್ಮಜ್ಜಿಯ ಸೊಸೈಟಿ ಅಕ್ಕಿ

ಅನ್ನ ಮಾಡುವ ವಿಷಯದಲ್ಲಿ ನನ್ನ ಕಡೆ ಯಾರೂ ಬೆರಳು ತೋರಿಸುವ ಹಾಗಿಲ್ಲ. ಹನೂರಿನ ಒಂದು ಸರ್ಕಾರಿ ಶಾಲೆಯಲ್ಲಿ ಹನ್ನೊಂದು ವರ್ಷದಿಂದ ಬಿಸಿಯೂಟ ಮಾಡುತ್ತಿದ್ದೇನೆ. ಇನ್ನೂರಹತ್ತು ಮಕ್ಕಳು. ಒಂದು ದಿನವೂ ಅನ್ನ ಮುದ್ದೆಯಾಗಿಲ್ಲ, ಒಂದು ದಿನವೂ ತಳ ಹಿಡಿದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಹೇಳುವುದರಲ್ಲಿ ನನ್ನ ಮರ್ಯಾದೆ ಅಷ್ಟೇನೂ ಉಳಿಯುವುದಿಲ್ಲ.

ನಮ್ಮದು ಮೆಥೋಡಿಸ್ಟ್ ಕ್ರೈಸ್ತ ಸಭೆ. ಅರವತ್ತು ಮನೆ ಇದ್ದರೆ ಹೆಚ್ಚು. ಅರ್ಧ ಜನ ಹನೂರಿನವರು, ಅರ್ಧ ಜನ ಕೌದಳ್ಳಿ ಕಡೆಯಿಂದ ಬಸ್ಸಿನಲ್ಲಿ ಬರುವವರು. ತಮಿಳುನಾಡು ಗಡಿಯ ಪಾಲಾರ್ ಕಡೆಯಿಂದ ಮದುವೆಯಾಗಿ ಬಂದ ಹೆಂಗಸರೂ ಇದ್ದಾರೆ. ಅವರು ಹಾಡುವುದು ಕನ್ನಡದಲ್ಲಿ, ಕಣ್ಣು ಮುಚ್ಚಿ ಪ್ರಾರ್ಥನೆ ಮಾಡುವುದು ತಮಿಳಿನಲ್ಲಿ. ಪ್ರತಿ ನವೆಂಬರಿನಲ್ಲಿ ನಮಗೆ ಸುಗ್ಗಿಯ ಕೃತಜ್ಞತಾ ಆರಾಧನೆ, ಅದಾದ ಮೇಲೆ ಎಲ್ಲರೂ ಚಾಪೆಯ ಮೇಲೆ ಒಟ್ಟಿಗೆ ಕೂತು ಉಣ್ಣುವ ಪ್ರೀತಿಭೋಜನ. ಆ ಊಟದ ಅಕ್ಕಿ ಅಂಗಡಿಯಿಂದ ಬರುವ ಹಾಗಿಲ್ಲ. ಹಬ್ಬಕ್ಕೆ ಮೂರು ತಿಂಗಳಿರುವಾಗಿನಿಂದ ಪ್ರತಿ ಮನೆಯ ಹೆಂಗಸೂ ಅಕ್ಕಿ ತೊಳೆಯುವ ಮುಂಚೆ ಒಂದು ಹಿಡಿ ತೆಗೆದು ಬೇರೆ ಡಬ್ಬಿಗೆ ಹಾಕುತ್ತಾಳೆ. ಭಾನುವಾರ ಅದನ್ನು ಚೀಲದಲ್ಲಿ ತಂದು ದೇವಾಲಯದ ಮುಂದಿನ ಡ್ರಮ್ಮಿಗೆ ಸುರಿಯುತ್ತಾಳೆ. ಇದಕ್ಕೆ ಹಿಡಿ ಅಕ್ಕಿ ಎನ್ನುತ್ತೇವೆ.

ಕೇಳಲು ಚೆಂದ. ಬೇಯಿಸುವವರ ಪಾಡು ಕೇಳಬೇಡಿ. ಮೊದಲೆಲ್ಲ ಹಿರಿಯ ಹೆಂಗಸರು ಹೇಗೋ ನಿಭಾಯಿಸುತ್ತಿದ್ದರು. ಕಳೆದ ವರ್ಷ ಮೊದಲ ಸಲ ಸೌಟು ನನ್ನ ಕೈಗೆ ಬಂತು. ಅರವತ್ತು ಮನೆಯ ಅಕ್ಕಿ ಒಂದೇ ಹಂಡೆಗೆ ಬಿತ್ತು. ಸೋನಾ ಮಸೂರಿ, ರೇಷನ್ನಿನ ಸೊಸೈಟಿ ಅಕ್ಕಿ, ಪಾಲಾರ್ ಕಡೆಯವರ ಕುಸುಬಲಕ್ಕಿ, ಎಲ್ಲ ಕಲಸುಮೇಲೋಗರ. ಸೋನಾ ಮಸೂರಿ ಕರಗಿ ಗಂಜಿಯಾಗುವ ಹೊತ್ತಿಗೆ ಕುಸುಬಲಕ್ಕಿ ಇನ್ನೂ ನೀರು ಬಿಸಿ ಇದೆಯೋ ಇಲ್ಲವೋ ಎಂದು ನೋಡುತ್ತಿತ್ತು.

ಬಸ್ ಸ್ಟ್ಯಾಂಡ್ ಹತ್ತಿರ ಹೋಟೆಲ್ ಇಟ್ಟಿರುವ ಶಿವನಂಜಯ್ಯನವರು ನಮ್ಮ ಹಬ್ಬಕ್ಕೆ ಪ್ರತಿ ವರ್ಷ ಹಂಡೆ, ತಪ್ಪಲೆ ಕೊಟ್ಟು, ಊಟಕ್ಕೂ ಬರುತ್ತಾರೆ. ಕಳೆದ ವರ್ಷವೂ ಬಂದಿದ್ದರು. ಎಲೆಯ ಮೇಲಿನ ಅನ್ನವನ್ನು ಬೆರಳಲ್ಲಿ ಕೆದಕಿ, "ಇದ್ರಲ್ಲಿ ಎಲ್ಡು ಥರ ಊಟ ಅದೆ ಕಣವ್ವ ಪದ್ಮಿನಿ. ಗಂಜಿನೂ ಅದೆ, ಅಕ್ಕಿನೂ ಅದೆ. ಅನ್ನ ಒಂದೇ ಇಲ್ಲ" ಎಂದರು.

ಸುತ್ತ ಕೂತವರೆಲ್ಲ ನಕ್ಕರು. ನಾನೂ ನಕ್ಕೆ. ಮನೆಗೆ ಹೋಗಿ ಎರಡು ದಿನ ಯಾರ ಹತ್ತಿರವೂ ಮಾತಾಡಲಿಲ್ಲ.

ಆ ಉರಿ ಇಡೀ ವರ್ಷ ಆರಲಿಲ್ಲ. ಈ ಆಗಸ್ಟಿನಲ್ಲಿ ಸ್ತ್ರೀಯರ ಸಂಘದ ಮೀಟಿಂಗಿನಲ್ಲಿ ಎದ್ದು ನಿಂತು, "ಈ ಸಲ ಒಂದೇ ಅಕ್ಕಿ. ಸೋನಾ ಮಸೂರಿ ಬಿಟ್ಟು ಬೇರೆ ಯಾವ್ದೂ ಡ್ರಮ್ಮಿಗೆ ಬೀಳಂಗಿಲ್ಲ" ಎಂದೆ.

"ಸೊಸೈಟಿ ಅಕ್ಕಿ ಬಿಟ್ರೆ ಬೇರೆ ಇಲ್ದೋರು ಏನ್ ಮಾಡದು?" ಎಂದಳು ನನ್ನ ಓರಗಿತ್ತಿ ಪ್ರೇಮಾ. ಕಷ್ಟದ ಪ್ರಶ್ನೆ ಕೇಳುವುದೇ ಅವಳಿಗೆ ಕೆಲಸ.

"ಈರುಳ್ಳಿ ತರ್ಲಿ, ಬೆಳ್ಳುಳ್ಳಿ ತರ್ಲಿ. ಬ್ಯಾಡ ಅಂದೋರ್ಯಾರು?" ಎಂದೆ. ಉತ್ತರ ಕೊಟ್ಟ ಖುಷಿಯಲ್ಲಿ ಕೂತೆ.

ಮುಂದಿನ ಭಾನುವಾರ ಡ್ರಮ್ಮಿನ ಪಕ್ಕ ನಾನೇ ಕಾವಲು ನಿಂತೆ. ಸಾಲಿನಲ್ಲಿ ನೇಸಮ್ಮಜ್ಜಿ ಬಂದರು. ಪೂರ್ತಿ ಹೆಸರು ದೇವನೇಸಮ್ಮ. ವಯಸ್ಸು ಎಪ್ಪತ್ತು ದಾಟಿದೆ. ಕೌದಳ್ಳಿ ರಸ್ತೆಯ ಒಂದು ಹಳ್ಳಿಯಲ್ಲಿ ಮೊಮ್ಮಗಳ ಜೊತೆ ಇದ್ದಾರೆ, ಇವತ್ತಿಗೂ ಕಳೆ ಕೀಳಲು ಕೂಲಿಗೆ ಹೋಗುತ್ತಾರೆ. ಅವರ ಚೀಲದ ಬಾಯಿ ಬಿಚ್ಚಿ ನೋಡಿದೆ.

"ಅಜ್ಜಿ, ಇದು ಸೊಸೈಟಿ ಅಕ್ಕಿ. ಈ ಸಲ ಬ್ಯಾಡ."

"ಮೂವತ್ತು ವರ್ಸದಿಂದ ಇದ್ನೇ ಆಕ್ತಿವ್ನಿ ಕಣವ್ವ."

"ಅದ್ಕೇ ಓದ್ಸಲ ಅನ್ನ ಹಂಗಾಗಿದ್ದು" ಎಂದುಬಿಟ್ಟೆ.

ಅಜ್ಜಿ ಚೀಲದ ಬಾಯಿಗೆ ಮತ್ತೆ ದಾರ ಕಟ್ಟಿದರು. ಆರಾಧನೆ ಮುಗಿಯುವವರೆಗೂ ಅದನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದು, ಆಮೇಲೆ ಬಸ್ ಹತ್ತಿ ಹೋದರು. ಮುಂದಿನ ಭಾನುವಾರ ಬರಲಿಲ್ಲ. ಅದರ ಮುಂದಿನ ಭಾನುವಾರವೂ ಇಲ್ಲ. ಮುನಿಸಿಕೊಂಡಿದ್ದಾರೆ, ತಾನಾಗೇ ಇಳಿಯುತ್ತದೆ ಅಂದುಕೊಂಡೆ. ಗಮನಿಸಿರಲಿಲ್ಲ ಎಂದು ಸುಳ್ಳು ಹೇಳಲಾರೆ. ಎಡಗಡೆ ಮೂರನೆಯ ಕಂಬದ ಬುಡ ಅವರ ಜಾಗ, ಹಾಡು ಹೇಳುವಾಗಲೆಲ್ಲ ಕಣ್ಣು ಅಲ್ಲಿಗೇ ಹೋಗುತ್ತಿತ್ತು.

ಹೀಗಿರುವಾಗ ಹಬ್ಬಕ್ಕೆ ಹತ್ತು ದಿನ ಇದೆ ಎನ್ನುವಾಗ ನಮ್ಮ ಪಾದ್ರಿ ಉದಯಕುಮಾರ್ ಅಯ್ಯನವರು ನನ್ನನ್ನು ಕರೆದರು.

"ಪದ್ಮಿನಿಯಮ್ಮ, ಒಂದು ಸಣ್ಣ ಬದಲಾವಣೆ. ಈ ಸಲ ಜಿಲ್ಲಾ ಮೇಲ್ವಿಚಾರಕರು ಬರ್ತಿದ್ದಾರೆ. ಒಂದೇ ದಿನ ಮೂರು ಕಡೆ ಆರಾಧನೆ ಅವರಿಗೆ. ಬೆಳಿಗ್ಗೆ ಏಳಕ್ಕೆ ನಮ್ಮಲ್ಲಿ, ಹನ್ನೊಂದಕ್ಕೆ ಕೊಳ್ಳೇಗಾಲ, ಸಾಯಂಕಾಲ ಯಳಂದೂರು. ಹಾಗಾಗಿ ನಮ್ಮದು ಊಟ ಅಲ್ಲ, ತಿಂಡಿ. ಅವರಿಗೆ ಎಣ್ಣೆ ಪದಾರ್ಥ ಆಗಲ್ಲವಂತೆ. ಇಡ್ಲಿ ಅಂತ ಹೇಳಿಬಿಟ್ಟೆ."

ಪಾದ್ರಿಗಳಿಗೆ ಅಡುಗೆ ಎಂದರೆ ಬೈಬಲ್ಲಿನ ಕಥೆಯಲ್ಲಿ ದೇವರು ಅರಣ್ಯದಲ್ಲಿ ಆಕಾಶದಿಂದ ಉದುರಿಸಿದ ಮನ್ನ ಇದ್ದ ಹಾಗೆ. ಬೆಳಿಗ್ಗೆ ಎದ್ದರೆ ನೆಲದ ಮೇಲೆ ಬಿದ್ದಿರುತ್ತದೆ ಎಂದುಕೊಂಡಿರುತ್ತಾರೆ. ನಾನು ಹೂಂ ಎಂದು, ಡ್ರಮ್ಮಿನಿಂದ ಒಂದು ಪಾವು ಸೋನಾ ಮಸೂರಿ ಮನೆಗೆ ತಂದು, ಉದ್ದಿನಬೇಳೆ ಸೇರಿಸಿ ರುಬ್ಬಿ ಮಾರನೆಯ ದಿನ ಇಡ್ಲಿ ಹಾಕಿ ನೋಡಿದೆ. ಚಪ್ಪಟೆ, ಅಂಟು ಅಂಟು. ನನ್ನ ಗಂಡ ಒಂದನ್ನು ತಟ್ಟೆಯಿಂದ ಬಿಡಿಸಲು ನೋಡಿದರು.

"ನಮ್ಮನೆ ಗೋಡೆ ಬಿರುಕು ಬಿಟ್ಟದಲ್ಲ, ಅಲ್ಲಿಗಾದ್ರೂ ಮೆತ್ತು" ಎಂದರು.

ಉಳಿದ ಎರಡನ್ನು ಡಬ್ಬಿಯಲ್ಲಿ ಹಾಕಿಕೊಂಡು ಶಿವನಂಜಯ್ಯನವರ ಹೋಟೆಲಿಗೆ ಹೋದೆ. ಅವರು ತಿನ್ನಲೂ ಇಲ್ಲ, ಬೆರಳಲ್ಲಿ ಒತ್ತಿ ನೋಡಿದರು.

"ಇದು ಅನ್ನಕ್ಕೆ ಸರಿ, ಇಡ್ಲಿಗಲ್ಲ. ಸೊಸೈಟಿ ಅಕ್ಕಿ ಆಕವ್ವ. ದಪ್ಪಕ್ಕಿ ಬೇಕು ಇದ್ಕೆ. ನಿಮ್ ಚರ್ಚಿಗೆ ಮನೆ ಮನೆ ಅಕ್ಕಿ ಬತ್ತದಲ್ಲ, ಅರ್ಧಕ್ಕರ್ಧ ಸೊಸೈಟಿದೇ ಇರ್ತದೆ. ನಿಂಗೇನ್ ಚಿಂತೆ?"

ಡಬ್ಬಿ ಮುಚ್ಚಿಕೊಂಡು ಹೊರಟೆ. ಶಾಲೆಯ ಅಡುಗೆಯವಳಿಗೆ ಇದು ಗೊತ್ತಿರದ ವಿಷಯವೇ? ಗೊತ್ತಿತ್ತು. ಗೊತ್ತಿದ್ದದ್ದನ್ನೇ ಇನ್ನೊಬ್ಬರ ಬಾಯಿಂದ ಕೇಳುವುದು ಬಹಳ ಕಷ್ಟ.

ನಾನು ವಾಪಸ್ ಕಳಿಸಿದ್ದ ಮನೆಗಳಿಗೆಲ್ಲ ಹೋಗಿ ಕೇಳಿದೆ. ಬೇಡ ಎಂದ ಮೇಲೆ ಯಾರು ತೆಗೆದಿಟ್ಟಾರು? ಎಲ್ಲರೂ ಉಂಡು ಮುಗಿಸಿದ್ದರು. ಒಂದು ಮನೆಯಲ್ಲಿ ಸೇರು, ಇನ್ನೊಂದರಲ್ಲಿ ಅರ್ಧ ಸೇರು ಸಿಕ್ಕಿತು, ಅಷ್ಟೇ.

"ನೇಸಮ್ಮಜ್ಜಿ ಮನೇಲಿ ಇರ್ತದೆ. ಅವಮ್ಮ ನಿಲ್ಸಿರಕ್ಕಿಲ್ಲ" ಎಂದಳು ಪ್ರೇಮಾ.

"ನೀನೇ ಓಗಿ ತಕಬಾ."

"ಬ್ಯಾಡ ಅಂದೋಳು ನೀನು. ಬೇಕು ಅನ್ನೋಳೂ ನೀನೇ ಆಗ್ಬೇಕು" ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿದಳು.

ಗುರುವಾರ ಶಾಲೆ ಮುಗಿಸಿ, ಒಂದು ಚಿಪ್ಪು ಬಾಳೆಹಣ್ಣು ತೆಗೆದುಕೊಂಡು ಬಸ್ ಹತ್ತಿದೆ. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಯೋಚಿಸಿದೆ. ಈ ಕಡೆ ಬಂದಿದ್ದೆ ಎನ್ನಲೇ? ಆರೋಗ್ಯ ವಿಚಾರಿಸಲು ಬಂದೆ ಎನ್ನಲೇ? ಪ್ರಾರ್ಥನೆಯಲ್ಲಿ ನಿಮ್ಮ ನೆನಪಾಯಿತು ಎನ್ನಲೇ? ಮೂರನೆಯದು ಚೆನ್ನಾಗಿದೆ ಅನ್ನಿಸಿತು.

ಅಜ್ಜಿ ಬಾಗಿಲಲ್ಲಿ ಕೂತು ಮೊರದಲ್ಲಿ ಹುರುಳಿ ಆರಿಸುತ್ತಿದ್ದರು. ನನ್ನನ್ನು ನೋಡಿ ಮೊರ ಪಕ್ಕಕ್ಕೆ ಸರಿಸಿದರು.

"ಬಾ ಪದ್ಮಿನಿ. ಬಾಳೆಅಣ್ಣು ಬೇರೆ ತಂದಿದ್ದೀಯೆ. ಅಯ್ಯನೋರು ಮೊನ್ನೆ ಬಂದಿದ್ರು, ಇಡ್ಲಿ ಇಸ್ಯ ಯೋಳುದ್ರು. ಈಗ ನೀನು ನಿಜ ಯೋಳು. ನಾನು ಬೇಕು ಅಂತ ಬಂದ್ಯಾ, ಅಕ್ಕಿ ಬೇಕು ಅಂತ ಬಂದ್ಯಾ?"

ಬಸ್ಸಿನಲ್ಲಿ ತಯಾರು ಮಾಡಿಕೊಂಡಿದ್ದ ಮೂರೂ ಸುಳ್ಳು ಒಟ್ಟಿಗೆ ಓಡಿಹೋದವು.

"ಅಕ್ಕಿ ಬೇಕು ಅಂತ ಬಂದೆ ಅಜ್ಜಿ."

ಅಜ್ಜಿ ನಗಲು ಶುರು ಮಾಡಿದರು. ಕೆಮ್ಮು ಬರುವವರೆಗೂ ನಕ್ಕರು.

"ಸುಳ್ಳೇಳಿದ್ರೆ ಬಾಳೆಅಣ್ಣು ವಾಪಸ್ ಕೊಟ್ಟು ಕಳಿಸ್ತಿದ್ದೆ" ಎಂದು ಒಳಗೆ ಹೋಗಿ, ಒಂದು ತಗಡಿನ ಡಬ್ಬವನ್ನು ಎರಡೂ ಕೈಯಲ್ಲಿ ಎಳೆದುಕೊಂಡು ಬಂದರು. ಮುಚ್ಚಳ ತೆಗೆದರೆ ಕಂಠಮಟ್ಟ ಅಕ್ಕಿ. ಹುಳ ಹಿಡಿಯದ ಹಾಗೆ ಬೇವಿನೆಲೆ ಬೇರೆ ಹಾಕಿಟ್ಟಿದ್ದರು.

"ಬ್ಯಾಡ ಅಂದಿದ್ನಲ್ಲಜ್ಜಿ. ಮತ್ಯಾಕೆ ತೆಗೆದಿಟ್ಟಿದ್ದು?"

"ನೀನು ಬ್ಯಾಡ ಅಂದೆ. ದೇವ್ರು ಅಂದಿರ್ನಿಲ್ವಲ್ಲ. ಎಲ್ಡೊತ್ತೂ ಅಕ್ಕಿ ತೊಳೆಯಕ್ ಓದ್ರೆ ಕೈ ತಾನೇ ಒಂದಿಡಿ ತೆಗ್ದು ಮಡಗ್ತದೆ. ಈ ವಯಸ್ಸಲ್ಲಿ ಅದ್ಕೆ ಬುದ್ಧಿ ಯೋಳಕ್ಕಾದದಾ?"

"ಹಂಗಾದ್ರೆ ದೇವಾಲಯಕ್ಕೆ ಯಾಕೆ ಬರ್ನಿಲ್ಲ? ನನ್ ಮೇಲೆ ಕ್ವಾಪಾನಾ?"

"ಕ್ವಾಪ ಎಂತುದವ್ವ" ಎಂದರು ಅಜ್ಜಿ. ನಗು ನಿಂತಿತ್ತು. "ಎಲ್ರೂ ಎದ್ದೋಗಿ ಸುರೀವಾಗ ನಾನೊಬ್ಳು ಬರಿಗೈಲಿ ಕುಂತಿರ್ಬೇಕಲ್ಲ. ಆಗ ಎಲ್ ನೋಡ್ಲಿ ಅಂತ ಗೊತ್ತಾಗ್ನಿಲ್ಲ."

ಮೂರು ತಿಂಗಳಿಂದ ಅದನ್ನು ಮುನಿಸು ಅಂದುಕೊಂಡಿದ್ದೆ. ಆಗಲೇ ಅಲ್ಲೇ ತಪ್ಪಾಯಿತು ಎನ್ನಬೇಕಿತ್ತು. ನಾಲಿಗೆ ಹೊರಳಲಿಲ್ಲ. ಇನ್ನೂರು ಮಕ್ಕಳನ್ನು ಗದರಿಸುವ ನಾಲಿಗೆಗೆ ಆ ಒಂದು ಮಾತು ರೂಢಿ ಇಲ್ಲ.

"ಭಾನುವಾರ ಬಾ ಅಜ್ಜಿ" ಎಂದೆ.

"ಅಷ್ಟೊತ್ತಿಗೇ ಬಸ್ಸಿಲ್ಲ. ಅಕ್ಕಿ ಬತ್ತದಲ್ಲ, ನಾನು ನೋಡ್ತೀನಿ" ಎಂದರು.

ಡಬ್ಬ ತಂದೆ. ಅಜ್ಜಿಯನ್ನು ತರಲಿಲ್ಲ. ಬಸ್ಸಿನಲ್ಲಿ ಆ ಡಬ್ಬವನ್ನು ಕಾಲಸಂದಿಯಲ್ಲಿ ಇಟ್ಟುಕೊಂಡು ಕೂತವಳಿಗೆ, ಅಕ್ಕಿ ಕೊಟ್ಟ ಅಜ್ಜಿಯೇ ಬಾರದೇ ಹೋದರೆ ಆ ಇಡ್ಲಿಯನ್ನು ಹೇಗೆ ಬಡಿಸಲಿ ಎಂಬ ಭಯ ಹತ್ತಿಕೊಂಡಿತು.

ಶನಿವಾರ ಶಿವನಂಜಯ್ಯನವರ ಗ್ರೈಂಡರಿನಲ್ಲಿ ರುಬ್ಬಿದೆವು. ಮೂರು ತಿಂಗಳಿಂದ ಡ್ರಮ್ಮಿಗೆ ಬಿದ್ದಿದ್ದ ಸೋನಾ ಮಸೂರಿಯನ್ನು ಊರಿನ ಹಾಸ್ಟೆಲ್ ಮಕ್ಕಳಿಗೆ ಕೊಡುವುದೆಂದು ಸಂಘದಲ್ಲಿ ತೀರ್ಮಾನವಾಯಿತು. ನಾನೂ ಕೈ ಎತ್ತಿದೆ. ಭಾನುವಾರ ನಸುಕಿನಲ್ಲಿ ಪಾತ್ರೆಯ ಮುಚ್ಚಳ ತೆಗೆದರೆ ಹಿಟ್ಟು ಉಬ್ಬಿ ಅಂಚಿಗೆ ಬಂದಿತ್ತು. ಮೊದಲ ಒಬ್ಬೆ ಬೆಂದು ಇಳಿದಾಗ ಶಿವನಂಜಯ್ಯನವರು ಒಂದು ಇಡ್ಲಿ ಮುರಿದು ಬಾಯಿಗೆ ಹಾಕಿಕೊಂಡರು. ಹಾಗೇ ಎರಡನೆಯದಕ್ಕೆ ಕೈ ಹಾಕಿದರು. ಬೇರೆ ದಿನವಾಗಿದ್ದರೆ ಅಷ್ಟಕ್ಕೇ ನಾನು ಒಂದು ವಾರ ಬೀಗುತ್ತಿದ್ದೆ. ಅವತ್ತು ನನ್ನ ಕಣ್ಣೆಲ್ಲ ಗೇಟಿನ ಕಡೆ.

ಏಳಕ್ಕೆ ಮೇಲ್ವಿಚಾರಕರು ಬಂದರು. ಮೊದಲ ಹಾಡು ಮುಗಿಯಿತು. ಕಂಬದ ಬುಡ ಖಾಲಿ. ಪ್ರಾರ್ಥನೆಯಲ್ಲಿ ನಾನು ಕಣ್ಣು ಮುಚ್ಚಲೇ ಇಲ್ಲ, ದೇವರು ಕ್ಷಮಿಸಲಿ. ಎರಡನೆಯ ಹಾಡಿನ ನಡುವೆ ಹೊರಗೆ ಕ್ಯಾನುಗಳ ಸದ್ದಾಯಿತು. ಡೇರಿಯ ಹಾಲಿನ ವ್ಯಾನು. ಡ್ರೈವರ್ ಪಕ್ಕದಿಂದ ನೇಸಮ್ಮಜ್ಜಿ ಇಳಿದರು. ಇಸ್ತ್ರಿ ಮಾಡಿದ ಬಿಳಿ ಸೀರೆ ಉಟ್ಟು, ಮೊಮ್ಮಗಳ ಭುಜ ಹಿಡಿದು ಒಳಗೆ ಬಂದು, ತಮ್ಮ ಜಾಗದಲ್ಲಿ ಕೂತರು. ಹಾಡಿನ ಉಳಿದ ಚರಣವನ್ನು ನಾನು ಎಷ್ಟು ಗಟ್ಟಿಯಾಗಿ ಹೇಳಿದೆನೆಂದರೆ ಪ್ರೇಮಾ ತಿರುಗಿ ನೋಡಿದಳು.

ಆರಾಧನೆ ಮುಗಿದು ಅಂಗಳದಲ್ಲಿ ಚಾಪೆ ಹಾಸಿ ಎಲೆ ಹಾಕಿದೆವು. ಪ್ರೀತಿಭೋಜನದಲ್ಲಿ ತಿನ್ನುವ ಮೊದಲು ಸಾಕ್ಷಿ ಹೇಳುವುದು ನಮ್ಮ ರೂಢಿ. ಮನಸ್ಸಿದ್ದವರು ಎದ್ದು ನಿಂತು ಆ ವರ್ಷ ದೇವರು ತಮಗೇನು ಮಾಡಿದ ಎಂದು ಎಲ್ಲರ ಮುಂದೆ ಹೇಳುತ್ತಾರೆ. ಒಬ್ಬರು ಮಗಳ ಹೆರಿಗೆ ಸುಸೂತ್ರವಾದದ್ದನ್ನು ಹೇಳಿದರು. ಇನ್ನೊಬ್ಬರು ಕಳೆದುಹೋಗಿದ್ದ ಮೇಕೆ ತಾನಾಗೇ ಮನೆಗೆ ಬಂದದ್ದನ್ನು, ಮೇಕೆಯ ಬಣ್ಣ, ಅದು ಹೋದ ದಾರಿ ಸಮೇತ ಹೇಳಿದರು. ಮೇಲ್ವಿಚಾರಕರು ಗಡಿಯಾರ ನೋಡಿಕೊಂಡರು. ಆಗ ನೇಸಮ್ಮಜ್ಜಿ ಮೊಮ್ಮಗಳ ಕೈ ಹಿಡಿದು ಎದ್ದರು.

ನಾನು ಇಡ್ಲಿ ಪಾತ್ರೆ ಹಿಡಿದು ನಿಂತಿದ್ದೆ. ಆಯಿತು, ನನ್ನ ಮಾನ ಮೂರು ಕಾಸಿಗೆ ಹರಾಜು ಎಂದುಕೊಂಡೆ.

"ನನ್ ಅಕ್ಕಿ ಈ ವರ್ಸ ಬ್ಯಾಡ ಅಂತ ಆಗಿತ್ತು" ಎಂದರು ಅಜ್ಜಿ. "ಆಮೇಕೆ ಬೇಕಾಯ್ತು. ದೇವ್ರಿಗೆ ಸ್ತೋತ್ರ."

ಅಷ್ಟೇ. ಕೂತುಬಿಟ್ಟರು. ನನ್ನ ಹೆಸರಿಲ್ಲ, ನನ್ನ ಕಡೆ ಒಂದು ನೋಟವೂ ಇಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಇದನ್ನು ತಡೆಯಲಾಗಲಿಲ್ಲ. ಹುಟ್ಟಿದಾಗಿನಿಂದ ಒಂದು ಸಲವೂ ಸಾಕ್ಷಿ ಹೇಳದವಳು, ಪಾತ್ರೆ ಹಿಡಿದುಕೊಂಡೇ ಮುಂದೆ ಹೋಗಿ ನಿಂತೆ.

"ಬ್ಯಾಡ ಅಂದೋಳು ನಾನು" ಎಂದೆ. "ಅಕ್ಕಿ ಬೇಯದಿಲ್ಲ ಅಂತ ನೆಪ ಹೇಳ್ದೆ. ಓದ್ವರ್ಸ ನಾಕ್ ಜನ ನಕ್ಕುದ್ನ ತಡೀನಾರ್ದೆ, ಅದ್ನ ತಂದು ಅಜ್ಜಿ ಚೀಲದ ಮೇಲೆ ಆಕ್ದೆ. ನನ್ನಿಂದ ಮೂರು ತಿಂಗ್ಳು ಅವ್ರು ದೇವಾಲಯಕ್ಕೆ ಬರ್ನಿಲ್ಲ. ಅಜ್ಜಿ, ತಪ್ಪಾಯ್ತು."

ಉದಯಕುಮಾರ್ ಅಯ್ಯನವರು ಏನೋ ಹೇಳಲು ಎದ್ದರು.

"ಆಯ್ತು ಬಾ, ಕುತ್ಕೊ" ಎಂದರು ನೇಸಮ್ಮಜ್ಜಿ, ಚಾಪೆಯಲ್ಲಿ ಒಂದಿಷ್ಟು ಸರಿದು ಜಾಗ ಮಾಡುತ್ತಾ. "ಇಡ್ಲಿ ಆರೋಯ್ತವೆ."

ಮೊದಲು ನಕ್ಕವರು ಮೇಲ್ವಿಚಾರಕರು. ಆಮೇಲೆ ಎಲ್ಲರೂ ನಕ್ಕರು, ನಾನೂ ನಕ್ಕೆ, ಈ ಸಲ ನಿಜವಾಗಿ. ಪ್ರೇಮಾ ಬಂದು ನನ್ನ ಕೈಯಿಂದ ಪಾತ್ರೆ ಕಿತ್ತುಕೊಂಡು ಬಡಿಸಲು ಶುರು ಮಾಡಿದಳು. ನಾನು ಅಜ್ಜಿಯ ಪಕ್ಕ ಕೂತೆ. ನನ್ನ ಎಲೆಗೆ ಇನ್ನೂ ಏನೂ ಬಿದ್ದಿರಲಿಲ್ಲ. ಅಜ್ಜಿ ತಮ್ಮ ಎಲೆಯಿಂದ ಒಂದು ಇಡ್ಲಿ ತೆಗೆದು ನನ್ನ ಎಲೆಗೆ ಹಾಕಿದರು. ನಾನು ಬೇಡ ಎನ್ನಲಿಲ್ಲ.