ಹಿಂದಕ್ಕೆ ಕರೆಸಿದ ಬಾಟಲಿಗಳು

ಆ ಬೀದಿಯಲ್ಲಿ ಅಕ್ಕತಂಗಿಯರಿಬ್ಬರನ್ನು ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ಅಕ್ಕ ಎಲ್ಲರಿಗೂ ದೊಡ್ಡಮ್ಮ, ತಂಗಿ ಎಲ್ಲರಿಗೂ ಚಿಕ್ಕಮ್ಮ. ಅವರಿಗಿಂತ ವಯಸ್ಸಾದವರೂ ಹಾಗೆಯೇ ಕರೆಯುತ್ತಿದ್ದರು. ಮನೆಯ ಹಿಂಭಾಗದ ಉದ್ದ ಕೋಣೆಯಲ್ಲಿ ಇಬ್ಬರೂ ಕಿತ್ತಳೆ ಹಣ್ಣಿನ ಜಾಮ್ ಮಾಡಿ ಬಾಟಲಿಗೆ ತುಂಬಿ ಮಾರುತ್ತಿದ್ದರು. ಒಲೆಯ ಮುಂದೆ ನಿಲ್ಲುವವಳು ದೊಡ್ಡಮ್ಮ. ಬಾಟಲಿ ತೊಳೆದು, ಕುದಿನೀರಿನಲ್ಲಿ ಅದ್ದಿ ತೆಗೆದು, ತುಂಬಿದ ಮೇಲೆ ಮನೆಮನೆಗೂ ಅಂಗಡಿಗೂ ಮುಟ್ಟಿಸುವವಳು ಚಿಕ್ಕಮ್ಮ. ಹಣ್ಣು ಸುಲಿದು ಹೆಚ್ಚಲು ಬರುತ್ತಿದ್ದ ಹೆಂಗಸಿಗೆ ಸಿಪ್ಪೆಯಕ್ಕ ಎಂದೇ ಹೆಸರು ಬಿದ್ದಿತ್ತು. ಮಾರುವುದಕ್ಕೆ ತುಂಬಿದ ಬಾಟಲಿಯನ್ನು ಮನೆಗೆ ಇಟ್ಟುಕೊಳ್ಳಬಾರದೆಂಬುದು ದೊಡ್ಡಮ್ಮನ ಕಟ್ಟುನಿಟ್ಟು. ಪಾತ್ರೆಯ ತಳದಲ್ಲಿ ಹತ್ತಿಕೊಂಡದ್ದಷ್ಟೇ ಅವರ ಪಾಲು.

ಚಳಿಗಾಲ ಮುಗಿಯುವ ಹೊತ್ತಿಗೆ ದೊಡ್ಡಮ್ಮ ತೀರಿಕೊಂಡಳು. ಅಂದಿನಿಂದ ಒಲೆ ಹಚ್ಚಿರಲಿಲ್ಲ. ಕಪಾಟಿನಲ್ಲಿ ಉಳಿದಿದ್ದ ಬಾಟಲಿಗಳನ್ನು ಚಿಕ್ಕಮ್ಮ ಮಾರಿ ಮುಗಿಸಿದ್ದಳು. ಅಕ್ಕನಿಲ್ಲದ ಮನೆಯಲ್ಲಿ ಅವಳಿಗೆ ಎಲ್ಲಕ್ಕಿಂತ ಕಷ್ಟವಾದದ್ದು ಸಂಜೆಯ ಪ್ರಾರ್ಥನೆ. ಚಿಕ್ಕಂದಿನಿಂದ ಒಂದು ಸಾಲು ಅಕ್ಕ ಹೇಳಿದರೆ ಮುಂದಿನದನ್ನು ಇವಳು ಹೇಳುವುದು ರೂಢಿ. ಈಗ ಅಕ್ಕನ ಸಾಲನ್ನೂ ಇವಳೇ ಹೇಳಬೇಕು. ಹೇಳಿದ ಮೇಲೆ ತನ್ನ ಸಾಲು ಮರೆತುಹೋಗುತ್ತಿತ್ತು. ದೇವರಿಗೆ ಎರಡೂ ಗೊತ್ತಿದೆ ಎಂದು ಸಮಾಧಾನ ಮಾಡಿಕೊಂಡು ಸುಮ್ಮನೆ ಕೂರುತ್ತಿದ್ದಳು.

ಅಕ್ಕ ಇದ್ದಾಗಲೇ ಶುರುವಾಗಿದ್ದ ಒಂದು ಕೆಲಸ ಅರ್ಧಕ್ಕೆ ನಿಂತಿತ್ತು. ಸಣ್ಣ ತಿನಿಸು ತಯಾರಕರಿಗೆ ಶುಚಿತ್ವ, ಸುರಕ್ಷತೆಯ ಹೊಸ ಕ್ರಮಗಳನ್ನು ಕಲಿಸಿ ಸರ್ಟಿಫಿಕೇಟ್ ಕೊಡಿಸುವ ಕಚೇರಿಯೊಂದರಿಂದ ಒಬ್ಬ ಹುಡುಗಿ ಬರುತ್ತಿದ್ದಳು. ಎಲ್ಲರೂ ಅವಳನ್ನು ಮೇಡಂ ಎನ್ನುತ್ತಿದ್ದರು. ತಲೆಗೆ ಟೋಪಿ, ಒಲೆಯ ಪಕ್ಕಕ್ಕೆ ಥರ್ಮಾಮೀಟರ್, ಕಿಟಕಿಗೆ ಜಾಲರಿ, ಒಮ್ಮೆ ಬೇಯಿಸಿದ್ದಕ್ಕೆಲ್ಲ ಒಂದೇ ಬ್ಯಾಚ್ ನಂಬರು, ಮುಚ್ಚಳದ ಮೇಲೆ ಅದರ ಸ್ಟಿಕ್ಕರ್, ಎಲ್ಲವೂ ಅವಳು ಹೇಳಿ ಮಾಡಿಸಿದ್ದು. ದೊಡ್ಡಮ್ಮ ಮೊದಮೊದಲು, “ನಮ್ಮ ಜಾಮ್ ಏನು ಜೈಲಿಗೆ ಹೋಗ್ತಿದೆಯೇನಮ್ಮಾ, ನಂಬರ್ ಹಾಕೋಕೆ?” ಎಂದು ನಗೆಯಾಡಿದ್ದಳು. ಆಮೇಲೆ ಅವಳೇ ಎಲ್ಲರಿಗಿಂತ ಅಚ್ಚುಕಟ್ಟಾಗಿ ಸ್ಟಿಕ್ಕರ್ ಅಂಟಿಸಿದಳು. ಹಾಗೆ ನಂಬರು ಹಾಕಿಸಿಕೊಂಡದ್ದು ಅವಳ ಕೊನೆಯ ಅಡುಗೆ ಒಂದೇ. ಅದರ ಮಾರನೆಯ ವಾರ ಅವಳು ಹಾಸಿಗೆ ಹಿಡಿದಳು.

ದೊಡ್ಡಮ್ಮ ಹೋದ ಮೇಲೆ ಮೊದಲ ಸಲ ಬಂದ ಮೇಡಂ ಹೇಳಿದಳು.

“ಚಿಕ್ಕಮ್ಮ, ಇನ್ನೊಂದೇ ಬಾಕಿ. ನಾಳೆ ದಿನ ಜಾಮ್‌ನಲ್ಲಿ ಏನೋ ದೋಷ ಅಂತ ಗೊತ್ತಾಯ್ತು ಅಂದ್ಕೊಳ್ಳಿ. ಆ ಬ್ಯಾಚಿನ ಬಾಟಲಿ ಎಲ್ಲೆಲ್ಲಿ ಹೋಗಿದೆ ಅಂತ ಹುಡುಕಿ ವಾಪಸ್ ಕರೆಸೋಕೆ ಆಗಬೇಕು. ಅದನ್ನ ಒಂದು ಸಲ ಅಭ್ಯಾಸ ಮಾಡಿ ತೋರಿಸ್ಬೇಕು.”

“ದೋಷ ಇಲ್ಲದೇ ಇದ್ರೂನಾ?”

“ದೋಷ ಇಲ್ಲದಾಗ್ಲೇ ಮಾಡೋದು. ನಂಬರ್ ಇರೋದು ಒಂದೇ ಬ್ಯಾಚ್ ಅಲ್ವಾ, ಅದನ್ನೇ ಮಾಡೋಣ. ತಗೊಂಡವರನ್ನ ಕೇಳಿ ನೋಡಿ. ಮೊದಲೇ ಅಭ್ಯಾಸ ಅಂತ ಹೇಳ್ಬಿಡ್ಬೇಡಿ, ಹೇಳಿದ್ರೆ ಯಾರೂ ಎದ್ದು ಹೋಗಿ ನೋಡಲ್ಲ. ನಾನು ಸಂಜೆ ಬರ್ತೀನಿ.”

ಅವಳ ಮನಸ್ಸಿನಲ್ಲಿದ್ದುದು ಫೋನು. ನಾಲ್ಕು ಕಡೆ ಫೋನ್ ಮಾಡಿ ವಿಚಾರಿಸುತ್ತಾರೆ ಎಂದುಕೊಂಡು ಹೊರಟುಹೋದಳು. ಆದರೆ ಆ ಮನೆಯಲ್ಲಿ ಫೋನ್ ಮಾಡುತ್ತಿದ್ದವಳು ದೊಡ್ಡಮ್ಮ. ಚಿಕ್ಕಮ್ಮನಿಗೆ ಗೊತ್ತಿದ್ದುದು ಬಾಗಿಲುಗಳು. ಯಾವ ಬಾಟಲಿ ಯಾವ ಬಾಗಿಲಿಗೆ ಹೋಯಿತೆಂದು ಅವಳ ಕಾಲಿಗೇ ನೆನಪಿತ್ತು. ವಾಪಸ್ ಕರೆಸಬೇಕು ಎಂದರೆ ತರಬೇಕು ಎಂದೇ ಅರ್ಥಮಾಡಿಕೊಂಡು, ಬಾಟಲಿ ಸಾಗಿಸುವ ಚಕ್ರದ ಬುಟ್ಟಿಯನ್ನು ಎಳೆದುಕೊಂಡು ಹೊರಟಳು.

ಮೊದಲು ಹೋದದ್ದು ಟೈಲರ್ ಮನೆಗೆ. ಬಟ್ಟೆ ಕತ್ತರಿಸುತ್ತಿದ್ದ ಅವನ ಹೆಂಡತಿ ಎದ್ದು ಹೋಗಿ ಅರ್ಧ ಖಾಲಿಯಾದ ಬಾಟಲಿ ತಂದುಕೊಟ್ಟಳು.

“ಯಾಕೆ ಚಿಕ್ಕಮ್ಮ, ಏನಾಯ್ತು?”

“ವಾಪಸ್ ತಗೊಳ್ತಿದ್ದೀವಿ ಕಣಮ್ಮ.”

“ಕೆಟ್ಟಿದೆಯಾ?”

ಚಿಕ್ಕಮ್ಮನಿಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ. ಮೇಡಂ ಹೇಳಬೇಡ ಎಂದದ್ದನ್ನು ಹೇಳುವ ಹಾಗೂ ಇಲ್ಲ. “ಸಂಜೆ ಗೊತ್ತಾಗುತ್ತೆ” ಎಂದುಬಿಟ್ಟಳು.

ಬಾಟಲಿಯ ಮುಚ್ಚಳದ ಮೇಲೆ ಅಕ್ಕ ಅಂಟಿಸಿದ ಸ್ಟಿಕ್ಕರ್ ಒಂದು ಚೂರೂ ಓರೆಯಾಗಿರಲಿಲ್ಲ. ಬೀದಿಯ ತಿರುವಿನಲ್ಲಿ ನಿಂತು ಅದನ್ನು ಹೆಬ್ಬೆರಳಿನಿಂದ ಸವರಿ ಬುಟ್ಟಿಯಲ್ಲಿಟ್ಟಳು. ನರ್ಸ್ ಮನೆಯಲ್ಲಿ ಒಂದು ಸಿಕ್ಕಿತು, ಮೇಷ್ಟ್ರ ಮನೆಯಲ್ಲಿ ಮುಚ್ಚಳ ತೆರೆಯದವೇ ಸಿಕ್ಕವು. ಬುಟ್ಟಿ ಭಾರವಾದಷ್ಟೂ ಅವಳ ನಡಿಗೆ ಚುರುಕಾಯಿತು. ಅಕ್ಕ ಒಬ್ಬೊಬ್ಬರ ಮನೆಯಲ್ಲಿ ಚೆದುರಿಕೊಂಡಿದ್ದಳು, ಈಗ ಒಂದೆಡೆ ಸೇರುತ್ತಿದ್ದಾಳೆ ಎನ್ನಿಸಿತು. ಅಕ್ಕ ಹೋದ ಮೇಲಿನ ಅಷ್ಟು ತಿಂಗಳಲ್ಲಿ ಅಷ್ಟು ಜನರೊಡನೆ ಮಾತಾಡಿದ ದಿನ ಬೇರೊಂದಿರಲಿಲ್ಲ.

ಬೀಗ ರಿಪೇರಿ ಮಾಡುವ ಮುದುಕ ಮಾತ್ರ ಕೊಡಲಿಲ್ಲ. ಅಂಗಡಿಯ ಹಿಂದಿನ ಒಂದೇ ಕೋಣೆಯಲ್ಲಿ ಅವನ ವಾಸ. ಬ್ರೆಡ್ಡಿನ ಮೇಲೆ ಜಾಮ್ ಸವರುತ್ತಾ ಕೂತಿದ್ದವನು ಬಾಟಲಿಯನ್ನು ತನ್ನ ಕಡೆಗೆ ಎಳೆದುಕೊಂಡನು.

“ಕೊಡಲ್ಲ ಹೋಗಮ್ಮಾ.”

“ಬೀಗದಣ್ಣ, ಹಟ ಮಾಡ್ಬೇಡಿ. ಅದನ್ನ ತಿನ್ನಬಾರದು ಅಂತಾದ್ರೆ?”

“ತಿಂದು ಸತ್ರೆ ಸಾಯ್ತೀನಿ. ನನಗೇನು ಮದುವೆ ಬಾಕಿ ಇದೆಯಾ? ನಿಮ್ಮಕ್ಕ ಕೆಟ್ಟದ್ದು ಮಾಡಿದ್ಲು ಅಂತ ನಿನ್ನ ಬಾಯಲ್ಲಿ ಹೇಳು ನೋಡೋಣ. ಹೇಳಿದ್ರೆ ಬಾಟಲಿ ಜೊತೆ ಚಮಚಾನೂ ಕೊಡ್ತೀನಿ.”

ಅವಳ ಬಾಯಲ್ಲಿ ಅದು ಬರಲಿಲ್ಲ. ಅವನ ಕೈಯಲ್ಲಿ ಒಂದಿದೆ ಎಂದು ನೆನಪಿಟ್ಟುಕೊಂಡು ಹೊರಟಳು.

ಆದರೆ ಅಷ್ಟರಲ್ಲಿ ಸುದ್ದಿ ಅವಳಿಗಿಂತ ಮುಂದೆ ಓಡಿತ್ತು. ಬೇಕರಿಗೆ ಹೋದಾಗ ಬೇಕರಿಯವನು ತನ್ನಲ್ಲಿದ್ದ ಅವರ ಬಾಟಲಿಗಳನ್ನೆಲ್ಲ, ನಂಬರು ಇಲ್ಲದ ಹಳೆಯವನ್ನೂ ಸೇರಿಸಿ, ಕಪಾಟಿನಿಂದ ಇಳಿಸಿ ರಟ್ಟಿನ ಪೆಟ್ಟಿಗೆಗೆ ತುಂಬಿಬಿಟ್ಟಿದ್ದನು. ಟೈಲರನ ಹೆಂಡತಿ ಅಲ್ಲೇ ನಿಂತಿದ್ದಳು.

“ಮೊನ್ನೆ ನಮ್ಮ ಮಗೂಗೆ ಹೊಟ್ಟೆನೋವು ಬಂದಿತ್ತು. ಈಗ ಗೊತ್ತಾಯ್ತು ಯಾಕೆ ಅಂತ.”

“ಪಾಪ, ದೊಡ್ಡಮ್ಮಂಗೆ ಆಗ್ಲೇ ಕೈಲಾಗ್ತಿರ್ಲಿಲ್ಲ. ಸರಿಯಾಗಿ ಕುದಿಸಿರಲಿಕ್ಕಿಲ್ಲ” ಎಂದನು ಬೇಕರಿಯವನು. ಕನಿಕರದಿಂದಲೇ ಹೇಳಿದ್ದು. ಆ ಕನಿಕರ ಚಿಕ್ಕಮ್ಮನ ಎದೆಗೆ ಇರಿದಂತಾಯಿತು. ನಲವತ್ತು ವರ್ಷ ಒಲೆಯ ಮುಂದೆ ನಿಂತ ಅಕ್ಕನಿಗೆ, ಹೋದ ಮೇಲೆ ಕೈಯಲ್ಲಿ ಸತ್ವವಿರಲಿಲ್ಲ ಎಂಬ ಮಾತು ತಾನೇ ತಂದುಕೊಟ್ಟೆನಲ್ಲ! “ಇದು ಬರೀ ಅಭ್ಯಾಸ ಕಣಪ್ಪಾ” ಎಂದಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸಿಕ್ಕಿಬಿದ್ದ ಮೇಲೆ ಹೇಳುವ ಮಾತಿನ ಹಾಗೆ ಅದು ಕೇಳಿಸಿತು.

ಸಂಜೆ ಮೇಡಂ ಬಂದು, ಮೇಜಿನ ಮೇಲೆ ಸಾಲಾಗಿ ನಿಂತಿದ್ದ ಬಾಟಲಿಗಳನ್ನು ನೋಡಿ ಬಾಗಿಲಲ್ಲೇ ನಿಂತುಬಿಟ್ಟಳು.

“ಅಯ್ಯೋ ಚಿಕ್ಕಮ್ಮ! ಕೇಳಿ ನೋಡಿ ಅಂದೆ. ಹೊತ್ತು ತನ್ನಿ ಅಂದೆನಾ?”

“ವಾಪಸ್ ಕರೆಸ್ಬೇಕು ಅಂದ್ಯಲ್ಲ ತಾಯೀ.”

“ತಪ್ಪು ನಂದೇ. ಬಿಡಿಸಿ ಹೇಳ್ಬೇಕಿತ್ತು” ಎಂದು ಮೇಡಂ ಕುರ್ಚಿ ಎಳೆದುಕೊಂಡು ಕೂತಳು. “ನನ್ನ ಇಡೀ ಕೆಲಸದಲ್ಲಿ ಒಂದು ಬಾಟಲಿಯೂ ತಪ್ಪದ ಹಾಗೆ ಲೆಕ್ಕ ಒಪ್ಪಿಸಿದವರು ನೀವೊಬ್ಬರೇ. ಆದರೆ...”

ಅವಳು ಅರ್ಧ ಖಾಲಿಯಾದ ಬಾಟಲಿಯೊಂದನ್ನು ಎತ್ತಿ ಹಿಡಿದು ವಿವರಿಸಿದಳು. ಒಮ್ಮೆ ಕೈಬಿಟ್ಟು ಹೋದ ಬಾಟಲಿ ಹೊರಗೆ ಎಲ್ಲಿತ್ತು, ಬಿಸಿಲಿಗಿತ್ತೋ, ಯಾರ ಎಂಜಲು ಚಮಚ ಅದರಲ್ಲಿ ಆಡಿತೋ ಗೊತ್ತಿಲ್ಲ. ಹಿಂದಕ್ಕೆ ಬಂದದ್ದನ್ನು ಮತ್ತೆ ಮಾರುವ ಹಾಗಿಲ್ಲ, ಕೊಟ್ಟವರಿಗೇ ಮರಳಿಸುವ ಹಾಗೂ ಇಲ್ಲ. ಚೆಲ್ಲಬೇಕು. ಪರೀಕ್ಷೆಗೆ ಒಂದನ್ನು ಕಳಿಸಬಹುದು, ಅಷ್ಟೆ.

ಬಾಟಲಿ ಸಾಲಿಡಲು ಬಂದಿದ್ದ ಸಿಪ್ಪೆಯಕ್ಕ ಅಳುವುದಕ್ಕೆ ಶುರುಮಾಡಿದಳು. ಮೇಡಂ ದನಿ ತಗ್ಗಿಸಿ, “ಮುಚ್ಚಳ ಬಿಗಿಯಾಗಿರೋದು ಒಂದೆರಡು ನೀವು ಒಳಗಿಟ್ಕೊಳ್ಳಿ ಚಿಕ್ಕಮ್ಮ. ನಾನು ನೋಡಲಿಲ್ಲ” ಎಂದಳು.

“ನೋಡಿಯೂ ನೋಡಲಿಲ್ಲ ಅನ್ನೋದನ್ನ ಕಲಿಸೋಕೆ ಬಂದದ್ದಾ ನೀನು ಇಷ್ಟು ದಿನ?”

ಮೇಡಂ ಮುಖ ತಗ್ಗಿಸಿದಳು. ಚಿಕ್ಕಮ್ಮ ಅವಳ ತಲೆ ಸವರಿ ಮೆತ್ತಗೆ ಹೇಳಿದಳು: “ನನಗೂ ಆಸೆ ಇದೆ ಮಗಳೇ. ಆದ್ರೆ ನಾಳೆ ಯಾರಾದ್ರೂ ನನ್ನ ಅಡುಗೆಮನೇಲಿ ಆ ಸ್ಟಿಕ್ಕರ್ ನೋಡಿದ್ರೆ, ಕೆಟ್ಟದ್ದನ್ನ ಬಚ್ಚಿಟ್ಟಿದ್ದಾಳೆ ಅಂತಾರೆ. ಅವಳ ಹೆಸರಿಗೆ ಇವತ್ತು ಆಗಿರೋದೇ ಸಾಕು.”

ಬೆಳಿಗ್ಗೆ, ಬೀದಿಗೆ ಕಾಣುವ ಹಾಗೆ ಬಾಗಿಲು ತೆರೆದಿಟ್ಟೇ ಚೆಲ್ಲಿದರು. ಜಾಮ್ ಬೇಗ ಬೀಳುವ ಪದಾರ್ಥವಲ್ಲ. ಬಾಟಲಿಯನ್ನು ಬಗ್ಗಿಸಿ ಹಿಡಿದು ಕಾಯಬೇಕು. ಕಿತ್ತಳೆಯ ವಾಸನೆ ಕೋಣೆಯೆಲ್ಲ ತುಂಬಿ, ಒಲೆಯ ಮುಂದೆ ಅಕ್ಕ ನಿಂತಿದ್ದಾಳೋ ಎನ್ನುವ ಹಾಗಾಯಿತು. ಚಿಕ್ಕಮ್ಮ ಬೆರಳನ್ನೂ ನೆಕ್ಕಿಕೊಳ್ಳಲಿಲ್ಲ.

ಪರೀಕ್ಷೆಯ ವರದಿ ಬಂದಿತು. ಯಾವ ದೋಷವೂ ಇರಲಿಲ್ಲ. ಹುಳಿ, ಸಿಹಿ, ಕುದಿ ಎಲ್ಲವೂ ಇರಬೇಕಾದಂತೆಯೇ ಇತ್ತು. ಅದನ್ನು ಹಿಡಿದುಕೊಂಡು ಚಿಕ್ಕಮ್ಮ ಮತ್ತೆ ಮನೆಮನೆಗೆ ಹೋದಳು. ಎಲ್ಲರೂ, “ಗೊತ್ತು ಚಿಕ್ಕಮ್ಮ, ನಾವೇನಾದ್ರೂ ಅಂದ್ವಾ?” ಎಂದರು. ಯಾರೂ ಇನ್ನೊಂದು ಬಾಟಲಿ ಬೇಕೆನ್ನಲಿಲ್ಲ.

ವಾಪಸ್ ತಂದ ಬಾಟಲಿಗಳಿಗೆ ಬದಲು ಕೊಡದಿದ್ದರೆ ಆಗುವುದಿಲ್ಲ ಎಂದು ಅವಳು ಒಲೆ ಹಚ್ಚಿದಳು. ಹುಟ್ಟಿದಂದಿನಿಂದ ಒಂದು ಸಲವೂ ಅವಳು ಜಾಮ್ ಕುದಿಸಿದವಳಲ್ಲ. ಅಕ್ಕ ಕುದಿಯ ಸದ್ದು ಕೇಳಿ ಇಳಿಸುತ್ತಿದ್ದಳು. ಇವಳು ಮೇಡಂ ಹೇಳಿಕೊಟ್ಟಂತೆ ಥರ್ಮಾಮೀಟರಿನ ಗೆರೆಯನ್ನು ಕಣ್ಣು ಕಿರಿದು ಮಾಡಿ ನೋಡುತ್ತಾ ನಿಂತಳು. ಒಂದು ಸಲ ಮರೆತು, “ಇಳಿಸ್ಲೇನೇ?” ಎಂದು ಕೇಳಿಯೂ ಕೇಳಿದಳು. ಸಿಪ್ಪೆಯಕ್ಕ ತನ್ನನ್ನೇ ಕೇಳಿದ್ದೆಂದು, “ನಂಗೇನ್ ಗೊತ್ತು ಚಿಕ್ಕಮ್ಮ” ಎಂದಳು.

ಆ ಬಾಟಲಿಗಳನ್ನು ಜನ ಬೇಡವೆನ್ನದೆ ತೆಗೆದುಕೊಂಡರು. ತೆಗೆದುಕೊಂಡು ಮುಚ್ಚಳ ತೆರೆಯದೆ ಇಟ್ಟರು. ಬೇಕರಿಯವನಂತೂ, “‘ಇದು ಆ ಜಾಮೇನಾ’ ಅಂತ ಜನ ಇನ್ನೂ ಕೇಳ್ತಾರೆ ಚಿಕ್ಕಮ್ಮ. ಸ್ವಲ್ಪ ದಿನ ಹೋಗ್ಲಿ” ಎಂದು ಅವಳು ತಂದ ಹೊಸ ಬಾಟಲಿಗಳ ಪೆಟ್ಟಿಗೆಯನ್ನು ಕಾಲಿನಿಂದ ಮೂಲೆಗೆ ಸರಿಸಿದನು. ಸರ್ಟಿಫಿಕೇಟ್ ಬಂದು ಗೋಡೆಗೇರಿತು. ಅದರ ಕೆಳಗೆ ಕೂತು ಚಿಕ್ಕಮ್ಮ ಊಟ ಮಾಡಿದಳು.

ಬೀಗದ ಮುದುಕನಿಗೆ ಬದಲು ಬಾಟಲಿ ಕೊಡಬೇಕಾದದ್ದಿರಲಿಲ್ಲ. ಆದರೂ ಒಂದು ಒಯ್ದಳು. ಅವನು ಅಲ್ಲೇ ಮುಚ್ಚಳ ತೆಗೆದು ರುಚಿ ನೋಡಿದನು.

“ನಿಮ್ಮಕ್ಕಂದಲ್ಲ ಇದು.”

“ಅಲ್ಲ.”

“ಕಹಿ ಒಂದು ಪಾವು ಹೆಚ್ಚಾಗಿದೆ. ನಿನ್ನ ಮಾತಿನ ಹಾಗೆ. ತಿನ್ನಬಹುದು.” ಮತ್ತೆ ಅವಳ ಮುಖ ನೋಡಿ, “ಏನು, ಊರೆಲ್ಲ ನಿನ್ನ ಜಾಮ್ ನೋಡಿ ಬಾಯಿ ಹೊಲ್ಕೊಂಡಿದ್ಯಂತೆ?” ಎಂದು ಕೇಳಿದನು.

ಅವಳು ಬೇಕರಿಯಲ್ಲಿ ಕೇಳಿದ ಮಾತನ್ನು ಹೇಳಿದಳು. ಯಾರಿಗೂ ಹೇಳಿಕೊಳ್ಳದೆ ಉಳಿಸಿಕೊಂಡದ್ದು ಅವನೆದುರು ಹೇಗೋ ಬಾಯಿಗೆ ಬಂತು. ಮುದುಕ ಕಪಾಟಿನಿಂದ ಅಕ್ಕನ ಬಾಟಲಿಯನ್ನು ತೆಗೆದನು. ತಳದಲ್ಲಿ ಇನ್ನೂ ಎರಡು ಬೆರಳಷ್ಟಿತ್ತು. ಚಮಚವನ್ನು ಜೇಬಿಗೆ ಹಾಕಿಕೊಂಡು, ನೋಯುವ ಮೊಣಕಾಲನ್ನು ಎಳೆದುಕೊಂಡು ಬೀದಿಗಿಳಿದನು.

ಬೇಕರಿಯಲ್ಲಿ ಬೆಳಗಿನ ಜನ ತುಂಬಿದ್ದರು. ಅವನು ನಡುವಿನ ಬೆಂಚಿನ ಮೇಲೆ ಕೂತು, ಸ್ಟಿಕ್ಕರ್ ಇದ್ದ ಮುಚ್ಚಳವನ್ನು ಎಲ್ಲರಿಗೂ ಕಾಣುವಂತೆ ಮೇಜಿನ ಮೇಲಿಟ್ಟನು.

“ಒಂದು ಬ್ರೆಡ್ ಕೊಡಪ್ಪಾ.”

“ಅಜ್ಜಾ, ಅದು ಆ ಬಾಟಲಿ ಅಲ್ವಾ?”

“ಹೌದು, ಅದೇ. ದಿನಾ ಬೆಳಿಗ್ಗೆ ತಿಂತಿದ್ದೀನಿ. ಹೊಟ್ಟೆನೋವು ಬಂದದ್ದು ನಿನ್ನ ಬ್ರೆಡ್ ತಿಂದ ದಿನ ಮಾತ್ರ.”

ಜನ ನಕ್ಕರು. ಬೇಕರಿಯವನೂ ನಕ್ಕನು. ಮುದುಕ ಆತುರಪಡದೆ, ಪ್ರತಿ ತುತ್ತಿಗೂ ಚಮಚ ತುಂಬ ಸವರಿ ತಿಂದನು. ಟೈಲರನ ಹೆಂಡತಿ ನೋಡುತ್ತಾ ನಿಂತಿದ್ದು, “ಹಾಗಾದ್ರೆ ನಂಗೂ ಸ್ವಲ್ಪ ಹಾಕಿ ನೋಡೋಣ” ಎಂದು ಬ್ರೆಡ್ಡಿನ ಚೂರು ಚಾಚಿದಳು. ಪಕ್ಕದವನೂ ಚಾಚಿದನು.

ಅವನ ಹಿಂದೆಯೇ ಬಂದು ಬಾಗಿಲ ಬಳಿ ನಿಂತಿದ್ದ ಚಿಕ್ಕಮ್ಮನಿಗೆ ಚಮಚ ಬಾಟಲಿಯ ತಳಕ್ಕೆ ತಾಗುವ ಸದ್ದು ಕೇಳಿಸುತ್ತಿತ್ತು. ನನಗೊಂದಿಷ್ಟು ಎಂದು ಹೇಳಿದ್ದರೆ ಎಲ್ಲರೂ ದಾರಿ ಬಿಡುತ್ತಿದ್ದರು. ಆದರೆ ಪ್ರತಿ ಬಾಯಿಯೂ ಅಕ್ಕನ ಪರವಾಗಿ ಸಾಕ್ಷಿ ಹೇಳುತ್ತಿರುವಾಗ ಅದರಲ್ಲಿ ಒಂದನ್ನು ಕಡಿಮೆಮಾಡಲು ಅವಳಿಗೆ ಮನಸ್ಸಾಗಲಿಲ್ಲ. ಮುದುಕ ಒಮ್ಮೆ ತಲೆಯೆತ್ತಿ ಅವಳ ಕಡೆ ಬಾಟಲಿಯನ್ನು ಓರೆಮಾಡಿದನು. ಅವಳು ಬೇಡವೆಂದು ತಲೆಯಾಡಿಸಿದಳು. ಅವನು ಉಳಿದದ್ದನ್ನು ಕೆರೆದು ಬಾಯಿಗಿಟ್ಟುಕೊಂಡನು.

ಬೇಕರಿಯವನು ಮೂಲೆಯ ಪೆಟ್ಟಿಗೆ ಬಿಚ್ಚಿ ಬಾಟಲಿಗಳನ್ನು ಒಂದೊಂದಾಗಿ ಕಪಾಟಿಗೆ ಏರಿಸತೊಡಗಿದನು. “ದೊಡ್ಡಮ್ಮನ ಕೈ ಅಂದ್ರೆ ಕೈ ಬಿಡಿ” ಎಂದು ಯಾರೋ ಅಂದರು.

ಚಿಕ್ಕಮ್ಮ ಅಷ್ಟನ್ನು ಕೇಳಿಸಿಕೊಂಡು ಮನೆಗೆ ನಡೆದಳು. ಸಿಪ್ಪೆಯಕ್ಕ ಹಿತ್ತಿಲಲ್ಲಿ ಪಾತ್ರೆ ತಿಕ್ಕುತ್ತಿದ್ದಳು.

“ಏನಂದ್ರು ಚಿಕ್ಕಮ್ಮ?”

“ಚೆನ್ನಾಗಿತ್ತು ಅಂದ್ರು.”

“ನೀವು ಮಾಡಿದ್ದಾ?”

“ಅಲ್ಲ, ಅವಳದು” ಎಂದು ಚಿಕ್ಕಮ್ಮ ಒಳಗೆ ಹೋಗಿ, ಹಣ್ಣಿನ ಬುಟ್ಟಿಯನ್ನು ಹೆಚ್ಚುವ ಮಣೆಯ ಹತ್ತಿರಕ್ಕೆ ಎಳೆದು, ತಲೆಗೆ ಟೋಪಿ ಹಾಕಿಕೊಂಡಳು.