ತಟ್ಟೆಯಡಿಯ ಹೆಸರು

"ಆ ಬಟ್ಟಲು ಬಿರುಕು ಬಿಟ್ಟಿದೆ, ಬೇರೆ ತಗೋ," ಎಂದಳು ಮಿರ್ನಾ, ಮಾರಲು ಕೂತವಳು ತಾನೆಂಬುದನ್ನೇ ಮರೆತು.

"ಬಿರುಕು ಬಿಟ್ಟಿದ್ದೇ ಬೇಕು ನಂಗೆ. ಹೇಗಿದ್ರೂ ಒಡೆಯೋದು ತಾನೆ," ಎಂದಳು ಆಲ್ವಿನಾ.

ಎರಡು ವರ್ಷಗಳಲ್ಲಿ ಅವರಿಬ್ಬರು ಇಷ್ಟು ಮಾತಾಡಿದ್ದು ಇದೇ ಮೊದಲು. ಅಯೋವಾದ ಆ ಸಣ್ಣ ಊರಿನಲ್ಲಿ ಇಬ್ಬರ ಮನೆಗಳ ನಡುವೆ ಇರುವುದು ಒಂದೇ ಬೀದಿ. ನಲವತ್ತು ವರ್ಷ ಒಬ್ಬರ ಮನೆಗೊಬ್ಬರು ಅಡುಗೆಮನೆಯ ಬಾಗಿಲಿನಿಂದಲೇ ನುಗ್ಗುತ್ತಿದ್ದವರು. ಆಲ್ವಿನಾಳ ಗಂಡ ಡೆಲ್ಬರ್ಟ್ ತೀರಿಕೊಂಡ ಮೇಲೆ ಮಿರ್ನಾ ಬರುವುದನ್ನು ನಿಲ್ಲಿಸಿದಳು. ಯಾಕೆಂದು ಆಲ್ವಿನಾ ಕೇಳಲಿಲ್ಲ. ಅಳುವ ಮನೆಗೆ ಜನ ಎಷ್ಟು ದಿನ ಬಂದಾರು ಎಂದು ತನಗೆ ತಾನೇ ಹೇಳಿಕೊಂಡಳು, ಒಳಗೊಳಗೇ ನೊಂದಳು.

ಆಮೇಲೆ ಅವಳಿಗೆ ಪಿಂಗಾಣಿಯ ಹುಚ್ಚು ಹಿಡಿಯಿತು. ಶನಿವಾರ ಬೆಳಗಾದರೆ ಸಾಕು, ಯಾರ ಅಂಗಳದಲ್ಲಿ ಮೇಜು ಹಾಕಿ ಹಳೆ ಸಾಮಾನು ಮಾರುತ್ತಿದ್ದಾರೆಂದು ಹುಡುಕಿಕೊಂಡು ಹೊರಡುತ್ತಿದ್ದಳು. ತಂದ ತಟ್ಟೆ ಬಟ್ಟಲುಗಳನ್ನು ಚೀಲದಲ್ಲಿ ಸುತ್ತಿ ಸುತ್ತಿಗೆಯಿಂದ ಒಡೆದು, ಚೂರುಗಳನ್ನು ಸಿಮೆಂಟಿನಲ್ಲಿ ಕೂರಿಸಿ, ಹೂಕುಂಡ, ಹಕ್ಕಿಗಳ ನೀರಿನ ತೊಟ್ಟಿ, ಮೇಜಿನ ಹಲಗೆಗಳ ಮೇಲೆ ಚಿತ್ತಾರ ಮಾಡುತ್ತಿದ್ದಳು. ನಿಜ ಹೇಳಬೇಕೆಂದರೆ ತಟ್ಟೆಗಿಂತ ಹೆಚ್ಚಾಗಿ ಅವಳಿಗೆ ಬೇಕಾಗಿದ್ದುದು ಚೌಕಾಸಿ. ವಾರಕ್ಕೊಮ್ಮೆ ಬಾಯಿ ತೆರೆಯಲು ಅದೊಂದೇ ನೆಪ.

ಇವತ್ತಿನ ಮಾರಾಟ ಮಿರ್ನಾಳ ಅಂಗಳದಲ್ಲೇ. ಹೋಗಲೋ ಬೇಡವೋ ಎಂದು ಮೂರು ಸಲ ಬೀದಿಯ ಅಂಚಿನವರೆಗೆ ಹೋಗಿ ಬಂದಿದ್ದಳು ಆಲ್ವಿನಾ. ಬಿರುಕು ಬಿಟ್ಟ ಬಟ್ಟಲನ್ನು ಚೀಲಕ್ಕೆ ಹಾಕಿ ಮುಂದಿನ ಪೆಟ್ಟಿಗೆಯ ಹಳೆ ಪತ್ರಿಕೆ ಸರಿಸಿದವಳು ಹಾಗೇ ನಿಂತಳು. ಒಳಗೆ ನಾಲ್ಕು ತಟ್ಟೆಗಳಿದ್ದವು. ಅಂಚಿನಲ್ಲಿ ಪುಟ್ಟ ನೀಲಿ ಹೂಗಳು, ಹೂವಿನ ಪಕ್ಕ ಮಾಸಿದ ಚಿನ್ನದ ಗೆರೆ. ಆ ಹೂಗಳನ್ನು ಅವಳು ದಿನಾ ಬೆಳಿಗ್ಗೆ ನೋಡುತ್ತಾಳೆ. ಅವಳ ಹಿತ್ತಲಿನ ದುಂಡು ಮೇಜಿನ ನಟ್ಟನಡುವೆ ಅವೇ ಇವೆ, ಚೂರಾಗಿ.

"ಇದರ ಜೊತೆಯ ದೊಡ್ಡ ತಟ್ಟೆ ಎಲ್ಲಿ?" ಎಂದು ಕೇಳಿದಳು ಆಲ್ವಿನಾ.

"ನಿಂಗೇ ಗೊತ್ತಿರಬೇಕಲ್ಲ," ಎಂದಳು ಮಿರ್ನಾ. "ನಮ್ಮಮ್ಮನ ಮದುವೇಲಿ ಬಂದಿದ್ದು ಅದು. ಅಲ್ಲೀವರೆಗೆ ಪೆಟ್ಟಿಗೆಯಿಂದ ಹೊರಗೇ ತೆಗೆದಿರಲಿಲ್ಲ. ಡೆಲ್ಬರ್ಟ್ ಹೋದ ದಿನ ಹಂದಿಮಾಂಸ ಬೇಯಿಸಿ ಅದರಲ್ಲೇ ತಂದುಕೊಟ್ಟೆ."

"ಕೇಳಬಾರದಿತ್ತೇನೇ?"

"ಸಾವಿನ ಮನೇಗೆ ಹೋಗಿ ತಟ್ಟೆ ಕೇಳೋದಾ? ಅಷ್ಟು ನಾಚಿಕೆಗೆಟ್ಟೋಳಾ ನಾನು? ಎಲ್ಲರ ಪಾತ್ರೇನೂ ತೊಳೆದು ಕೊಟ್ಟು ಬಂದೆಯಂತೆ. ಊರಿಗೆ ಬಂದೋಳು ನೀರಿಗೆ ಬಾರದೆ ಇರ್ತಾಳಾ ಅಂತ ಕಾದೆ. ನನ್ನದೊಂದೇ ಬರಲಿಲ್ಲ. ನನ್ನ ಮುಖ ನೋಡೋದು ಬೇಡ ಅನ್ನಿಸಿರಬೇಕು ಅಂದ್ಕೊಂಡು ಸುಮ್ನಾದೆ. ಹೋಗ್ಲಿ ಬಿಡು. ಮಂಗಳವಾರ ಅರಿಜೋನಾಕ್ಕೆ ಹೊರಡ್ತಿದ್ದೀನಿ, ಅಕ್ಕನ ಮನೇಗೆ. ಇನ್ನು ಈ ಕಡೆ ಏನಿದೆ?"

ಆಲ್ವಿನಾ ಬಟ್ಟಲಿನ ದುಡ್ಡು ಮೇಜಿನ ಮೇಲಿಟ್ಟು ಮನೆಗೆ ನಡೆದಳು.

ಆ ಊರಿನಲ್ಲಿ ಸಾವಾದರೆ ಮನೆಮನೆಯಿಂದ ಅಡುಗೆ ಬರುತ್ತದೆ. ಪಾತ್ರೆಯ ಅಡಿಯಲ್ಲಿ ಕಾಗದದ ಅಂಟುಪಟ್ಟಿ, ಅದರ ಮೇಲೆ ಮನೆಯವಳ ಹೆಸರು. ಕೆಲವು ದಿನ ಕಳೆದ ಮೇಲೆ ದುಃಖದ ಮನೆಯವಳು ಒಂದೊಂದನ್ನೇ ಹಿಂದಿರುಗಿಸುತ್ತಾ, ಪ್ರತಿ ಮನೆಯಲ್ಲೂ ಕಾಫಿ ಕುಡಿಯುತ್ತಾ ಮತ್ತೆ ಊರೊಳಗೆ ಸೇರಿಕೊಳ್ಳುತ್ತಾಳೆ. ಆಲ್ವಿನಾ ಎಲ್ಲವನ್ನೂ ಬಿಸಿನೀರಿನಲ್ಲಿ ನೆನೆಹಾಕಿ ಮರೆತಿದ್ದಳು. ಒಂದರ ಪಟ್ಟಿ ಕಿತ್ತುಬಂದು, ಶಾಯಿ ಕರಗಿ ಹೋಗಿತ್ತು. ಯಾರದೆಂದು ಮನೆಮನೆಗೆ ಹೋಗಿ ಕೇಳುವ ಶಕ್ತಿ ಇರಲಿಲ್ಲ. ಅದನ್ನು ಹಿತ್ತಲಿನ ಕೋಣೆಯಲ್ಲಿ ಇಟ್ಟಳು. ಕೊಂಡು ತಂದ ತಟ್ಟೆಗಳು ಅದರ ಮೇಲೆ ಬಂದು ಕೂತವು. ಚಳಿಗಾಲದ ಒಂದು ದಿನ ಅವುಗಳ ಜೊತೆ ಅದರ ಮೇಲೂ ಸುತ್ತಿಗೆ ಬಿತ್ತು.

ಭಾನುವಾರವಿಡೀ ಅವಳು ಆ ಮೇಜಿನ ಎದುರು ಕೂತಿದ್ದಳು. ಹೇಳದಿದ್ದರೆ ಮಿರ್ನಾ ತಾನು ಬೇಡವಾದವಳೆಂದು ನಂಬಿಕೊಂಡೇ ಊರು ಬಿಡುತ್ತಾಳೆ. ಹೇಳಿದರೆ, ಅವಳ ತಾಯಿಯ ತಟ್ಟೆಯನ್ನು ಸುತ್ತಿಗೆಯಿಂದ ಒಡೆದವಳು ತಾನು. ಅತ್ತ ದರಿ ಇತ್ತ ಪುಲಿ. ಸಂಜೆ ಎದ್ದು ಸೇಬು ಹೆಚ್ಚಿ ಕೇಕು ಬೇಯಿಸಿದಳು, ಬರಿಗೈಯಲ್ಲಿ ಹೋಗುವ ಪದ್ಧತಿ ಇಲ್ಲವಲ್ಲ. ಕೈಗೆ ಅಭ್ಯಾಸವಾಗಿದ್ದರಿಂದ ಕೇಕಿನ ತಟ್ಟೆಯ ಅಡಿಗೆ ತನ್ನ ಹೆಸರಿನ ಪಟ್ಟಿಯನ್ನೂ ಅಂಟಿಸಿದಳು.

ಸೋಮವಾರ ಮೇಜಿನ ಹಲಗೆಯನ್ನು ಕಳಚಿ, ತಳ್ಳುಗಾಡಿಗೆ ಹೇರಿ, ಟವೆಲು ಹೊದಿಸಿ, ಕೇಕನ್ನು ಪಕ್ಕದಲ್ಲಿಟ್ಟುಕೊಂಡು ಬೀದಿ ದಾಟಿದಳು.

"ಏನೇ ಇದು, ಸಮಾಧಿ ಕಲ್ಲು ತಂದಿದ್ದೀಯಾ?" ಎಂದಳು ಜಗಲಿಯಲ್ಲಿ ಪೆಟ್ಟಿಗೆ ಕಟ್ಟುತ್ತಿದ್ದ ಮಿರ್ನಾ.

ಆಲ್ವಿನಾ ಟವೆಲು ತೆಗೆದಳು. ಮಿರ್ನಾ ಮೆಟ್ಟಿಲಿಳಿದು ಬಂದು, ಬಗ್ಗಿ, ನೀಲಿ ಹೂಗಳ ಮೇಲೆ ಹೆಬ್ಬೆರಳು ಆಡಿಸಿದಳು.

"ಗೊತ್ತಿದ್ದೂ ಒಡೆದೆಯಾ?"

"ಪಟ್ಟಿ ನೀರಲ್ಲಿ ಕಿತ್ತುಹೋಯ್ತು ಕಣೇ. ಯಾರದು ಅಂತ ಕೇಳಬೇಕಿತ್ತು. ಆಗ ಬಾಯಿಂದ ಮಾತೇ ಹೊರಡ್ತಿರಲಿಲ್ಲ."

"ನಮ್ಮಮ್ಮ ಇದ್ದಿದ್ರೆ ನಿನ್ನ ಕೈ ಮುರೀತಿದ್ದಳು." ಮಿರ್ನಾಳ ದನಿ ಒಡೆಯಿತು. "ಎರಡು ವರ್ಷ ಆಲ್ವಿನಾ! ಒಂದು ಬೆರಳುದ್ದದ ಕಾಗದಕ್ಕೆ ಎರಡು ವರ್ಷ."

"ನೀನಾದ್ರೂ ಬರಬಹುದಿತ್ತು."

"ಬರಬಹುದಿತ್ತು," ಎಂದು ಒಪ್ಪಿದಳು ಮಿರ್ನಾ, ಮೂಗು ಒರೆಸಿಕೊಳ್ಳುತ್ತಾ. "ಬಿಂಕ ನಂಗೂ ಕಡಿಮೆ ಇಲ್ಲ."

ಇಬ್ಬರೂ ಮೆಟ್ಟಿಲ ಮೇಲೆ ಕೂತರು. ಒಳಗೆ ಕಾಫಿ ಪಾತ್ರೆ ಆಗಲೇ ಕಟ್ಟಿಟ್ಟಾಗಿತ್ತು. ಇಷ್ಟು ಭಾರದ ಹಲಗೆಯನ್ನು ಅಕ್ಕನ ಎರಡನೇ ಮಹಡಿಗೆ ಏರಿಸಲಾಗದು, ಅದು ನಿನ್ನ ಹಿತ್ತಲಲ್ಲೇ ಇರಲಿ ಎಂದಳು ಮಿರ್ನಾ. ಆಮೇಲೆ ಕೇಕಿನ ಮೇಲಿನ ಬಟ್ಟೆ ಎತ್ತಿ ನೋಡಿದಳು.

"ತಡಿ, ಇದನ್ನ ಬೇರೆ ಡಬ್ಬಿಗೆ ಹಾಕ್ಕೊಂಡು ತಟ್ಟೆ ಈಗ್ಲೇ ಕೊಟ್ಟುಬಿಡ್ತೀನಿ."

"ಬೇಡ. ತಿಂದು, ತೊಳೆದು, ಆಮೇಲೆ ತಂದ್ಕೊಡು."

"ನಾಳೆ ಹೊರಡ್ತೀನಲ್ಲೇ ನಾನು."

"ಗೊತ್ತು," ಎಂದಳು ಆಲ್ವಿನಾ.

ಮಂಗಳವಾರ ಬೆಳಿಗ್ಗೆ ಸಾಮಾನಿನ ಲಾರಿ ಮುಂದೆ ಹೋಯಿತು. ಆಲ್ವಿನಾ ಬೀದಿಯ ಈಚೆ ನಿಂತಿದ್ದಳು. ಮಿರ್ನಾಳ ಕಾರು ಅವಳ ಮುಂದೆ ಬಂದು ನಿಧಾನವಾಯಿತು, ನಿಲ್ಲಲಿಲ್ಲ. ಪಕ್ಕದ ಸೀಟಿನ ಮೇಲೆ ತೊಳೆದ ಕೇಕಿನ ತಟ್ಟೆ ಬೋರಲಾಗಿತ್ತು. ಆಲ್ವಿನಾಳ ಹೆಸರಿನ ಪಟ್ಟಿಯ ಮೇಲೆ ಮಿರ್ನಾ ಪಾರದರ್ಶಕ ಟೇಪನ್ನು ಅಡ್ಡಕ್ಕೆ, ಉದ್ದಕ್ಕೆ, ಮತ್ತೆ ಅಡ್ಡಕ್ಕೆ ಎಳೆದು ಅಂಟಿಸಿದ್ದಳು.